ತೊಡೆಯ ಮೇಲೆ ಯಾರದೋ ಚೀಲ

ಕೊಲಂಬೊದ ಪೆಟ್ಟಾ ಬಸ್‌ ನಿಲ್ದಾಣದಲ್ಲಿ ಬೋರ್ಡು ಓದುವ ಗೋಜೇ ಬೇಡ. ‘ನುವರ, ನುವರ, ನುವರ’ ಎಂದು ಉಸಿರು ಬಿಡದೆ ಕೂಗುತ್ತಿರುವ ಕಂಡಕ್ಟರ್ ಕ್ಯಾಂಡಿಗೆ ಹೊರಟವನು. ಅಲ್ಲಿಯವರ ಬಾಯಲ್ಲಿ ಆ ಊರು ಮಹಾನುವರ. ಹಾಗೆಂದು ಬೋರ್ಡು ಇಲ್ಲವೆಂದಲ್ಲ. ಸಿಂಹಳ, ತಮಿಳು, ಇಂಗ್ಲಿಷ್ ಮೂರರಲ್ಲೂ ಊರ ಹೆಸರು, ಜೊತೆಗೆ ದೊಡ್ಡದಾಗಿ ‘1’ ಎಂಬ ಮಾರ್ಗಸಂಖ್ಯೆ. ಕೆಂಪು ಬಸ್ಸು ಸರ್ಕಾರದ್ದು. 1958ರಲ್ಲಿ ದೇಶದ ಬಸ್ಸುಗಳನ್ನೆಲ್ಲ ಸರ್ಕಾರ ವಶಕ್ಕೆ ತೆಗೆದುಕೊಂಡಿತ್ತು; 70ರ ದಶಕದ ಕೊನೆಗೆ ಖಾಸಗಿಯವರಿಗೆ ಮತ್ತೆ ಬಾಗಿಲು ತೆರೆಯಿತು. ಈಗ ಇಬ್ಬರಿಗೂ ಅದೇ ರಸ್ತೆ, ಅದೇ ಪ್ರಯಾಣಿಕರು. ಹಾಗಾಗಿ ಹಾರನ್ನಿಗೆ ಬಿಡುವಿಲ್ಲ. ಬಹುಪಾಲು ಗಾಡಿಗಳು ಲೇಲ್ಯಾಂಡ್. ಆ ಎಂಜಿನ್ನಿನ ಗೊರಗೊರ ನಮ್ಮವರ ಕಿವಿಗೂ ಪರಿಚಿತ.

ಡ್ರೈವರ್ ತಲೆಯ ಮೇಲೆ ಗಾಜಿನೊಳಗೆ ಬುದ್ಧ, ಸುತ್ತ ಮಿಣಮಿಣ ಬಣ್ಣದ ದೀಪ. ಪಕ್ಕದಲ್ಲಿ ಗಣಪತಿಗೂ ಒಂದಿಷ್ಟು ಜಾಗ. ಸ್ಪೀಕರಿನಲ್ಲಿ ಬೈಲಾ ಹಾಡು. ಮುಂದಿನ ಸೀಟು ಧರ್ಮಗುರುಗಳಿಗೆ ಮೀಸಲು. ಕಾವಿ ತೊಟ್ಟ ಭಿಕ್ಕು ಹತ್ತಿದರೆ ಅಲ್ಲಿ ಕೂತವರು ಯಾರೂ ಹೇಳದೆಯೇ ಎದ್ದು ನಿಲ್ಲುತ್ತಾರೆ. ಭಿಕ್ಕುವಿನ ಪಕ್ಕ ಹೆಂಗಸರು ಕೂರುವುದಿಲ್ಲ.

ಕೆಳಣಿ ನದಿ ದಾಟುವ ಹೊತ್ತಿಗೆ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ನಿಂತವರ ಚೀಲ ಕೂತವರ ತೊಡೆಗೆ ಬರುವುದು ಆಗಲೇ. ಬೆವರುತ್ತ ನಿಂತ ಶಾಲಾ ಹುಡುಗಿಯ ಪಾಟಿಚೀಲವನ್ನು ಕಿಟಕಿ ಪಕ್ಕದ ಅಜ್ಜಿ ಕೈಚಾಚಿ ಎಳೆದುಕೊಳ್ಳುತ್ತಾಳೆ. ಮಾತಿಲ್ಲ, ಉಪಚಾರವಿಲ್ಲ. ಹುಡುಗಿ ಇಳಿಯುವಾಗ ಚೀಲ ನಾಲ್ಕು ಕೈ ದಾಟಿ ಬಾಗಿಲಿಗೆ ಹೋಗುತ್ತದೆ. ಹೋಟೆಲಿನ ಒಂದು ಊಟಕ್ಕಿಂತ ಅಗ್ಗದ ಟಿಕೆಟ್ಟು ಊರು ಮುಟ್ಟಿಸುವುದಕ್ಕಷ್ಟೇ. ಮಿಕ್ಕ ಸೌಕರ್ಯವೆಲ್ಲ ಪ್ರಯಾಣಿಕರು ಪರಸ್ಪರ ಮಾಡಿಕೊಳ್ಳುವಂಥದು.

ನಿಂತಲ್ಲೆಲ್ಲ ತಿಂಡಿ ಬಸ್ಸು ಹತ್ತುತ್ತದೆ. ಸಿಗಡಿ ಅಂಟಿಸಿ ಕರಿದ ವಡೆ, ಒಣಮೆಣಸು ಹಾಕಿ ಹುರಿದ ಕಡಲೆ. ಪೊಟ್ಟಣ ಬಿಚ್ಚಿದರೆ ಅದು ಯಾವುದೋ ಮಗುವಿನ ನೋಟ್‌ಬುಕ್ಕಿನ ಹಾಳೆ: ಎಣ್ಣೆಯಲ್ಲಿ ನೆಂದ ಗುಣಾಕಾರ, ಕೆಂಪು ಶಾಯಿಯ ರೈಟು ಗುರುತು. ಪಸ್ಯಾಲ ಕಳೆದರೆ ಕಜುಗಮ; ರಸ್ತೆಯುದ್ದಕ್ಕೂ ಗೋಡಂಬಿ ಮಾರುವ ಹೆಂಗಸರು. ವರಕಾಪೊಳದಲ್ಲಿ ಎಳ್ಳುಂಡೆ. ಅಂಗಡಿಗಳ ಮುಂದೆ ಹೊಂಬಣ್ಣದ ಗೆಂದಾಳಿ ಎಳನೀರಿನ ಗೊನೆಗಳು.

ಮಾವನೆಲ್ಲ ಬಿಟ್ಟ ಮೇಲೆ ಘಾಟಿ. ಗೇರು ಇಳಿಯುತ್ತದೆ, ಕಿಟಕಿಯ ಗಾಳಿ ತಣ್ಣಗಾಗುತ್ತದೆ. 1815ರಲ್ಲಿ ಕ್ಯಾಂಡಿ ರಾಜ್ಯ ಬ್ರಿಟಿಷರ ಕೈಸೇರಿತು. ಅದನ್ನು ಹಿಡಿತದಲ್ಲಿಟ್ಟುಕೊಳ್ಳಲು ಗವರ್ನರ್ ಎಡ್ವರ್ಡ್ ಬಾರ್ನ್ಸ್ 1820ರ ದಶಕದಲ್ಲಿ ಕಡಿಸಿದ ದಾರಿ ಇದು. ಬೆಟ್ಟ ಕೊರೆದು ಬಂದವನೇ ಈ ನಾಡನ್ನು ಆಳುವನೆಂಬ ಭವಿಷ್ಯವಾಣಿಯನ್ನು ಜನ ಇಂದಿಗೂ ಹೇಳುತ್ತಾರೆ. ಕಡುಗಣ್ಣಾವದಲ್ಲಿ ಕೊರೆದ ಆ ಬಂಡೆ ಈಗಲೂ ಇದೆ, ಬಸ್ಸು ಮಾತ್ರ ಅದರ ಮಗ್ಗುಲಲ್ಲಿ ಹಾದುಹೋಗುತ್ತದೆ. ರಸ್ತೆ ಕಟ್ಟಿಸಿದ ಎಂಜಿನಿಯರ್ ಡಾಸನ್ನನ ನೆನಪಿಗೆ ಎತ್ತರದ ಗೋಪುರ. ಕಣಿವೆಯಾಚೆ ತಲೆ ಸಪಾಟಾದ ‘ಬೈಬಲ್ ರಾಕ್’. ಹೊಸಬರು ಕತ್ತು ಚಾಚಿ ನೋಡುತ್ತಾರೆ. ದಿನಾ ಓಡಾಡುವವರಿಗೆ ನಿದ್ದೆ.

ಸುಮಾರು 115 ಕಿಲೊಮೀಟರಿಗೆ ಮೂರು ಗಂಟೆಯ ಮೇಲೆಯೇ ಹಿಡಿಯುತ್ತದೆ. ಅವಸರವಿದ್ದವರಿಗೆ ಹೆಚ್ಚು ದರದ ಎಸಿ ಮಿನಿಬಸ್ಸೂ ಉಂಟು. ಅದರಲ್ಲಿ ನಡುಹಾದಿಗೂ ಮಡಚುವ ಸೀಟು ಹಾಕಿ ಜನರನ್ನು ಕೂರಿಸುತ್ತಾರೆ. ಹಿಂದಿನ ಸಾಲಿನವನೊಬ್ಬ ಪೇರಾದೆಣಿಯದಲ್ಲಿ ಇಳಿಯಬೇಕಾದರೆ ಮುಂದಿನವರೆಲ್ಲ ಒಬ್ಬೊಬ್ಬರಾಗಿ ಎದ್ದು, ಸೀಟು ಮಡಚಿ, ಒತ್ತಿಕೊಂಡು ನಿಂತು ದಾರಿ ಬಿಡಬೇಕು. ಹೆಚ್ಚು ಕೊಟ್ಟ ದುಡ್ಡಿಗೆ ತಂಪು ಗಾಳಿ ಸಿಕ್ಕೀತು; ಪಕ್ಕದವರ ಹಂಗು ಅಲ್ಲಿಯೂ ತಪ್ಪಿದ್ದಲ್ಲ.