ಅಪಸ್ಮಾರ: ಶಸ್ತ್ರಕ್ಕೆ ಸಿಗುವ ನೆಲೆ, ಪ್ರೋಟೀನಿನಲ್ಲಿರುವ ಮೂಲ

‘ಸ್ಮಾರ’ ಎಂದರೆ ನೆನಪು; ಅದು ತಪ್ಪಿಹೋಗುವ ಸ್ಥಿತಿಯೇ ಅಪಸ್ಮಾರ. ಚರಕಸಂಹಿತೆಯಲ್ಲಿ ಈ ರೋಗಕ್ಕೆ ಪ್ರತ್ಯೇಕ ಅಧ್ಯಾಯಗಳಿವೆ. ನಟರಾಜನ ಪಾದದಡಿಯಲ್ಲಿ ಬಿದ್ದಿರುವ ಕುಬ್ಜನ ಹೆಸರೂ ಇದೇ. ಆಡುಮಾತಿನಲ್ಲಿ ಇದು ಮೂರ್ಛೆರೋಗ, ಫಿಟ್ಸ್. ಹೆಸರು ಯಾವುದಾದರೂ ರೋಗದೊಡನೆ ಕಳಂಕವೊಂದು ಅಂಟಿಕೊಂಡೇ ಬಂದಿದೆ. ಮಗುವಿಗೆ ಸೆಳವು ಬಂದಾಗ ಕೈಗೆ ಕಬ್ಬಿಣ ಹಿಡಿಸುವುದು, ಗಾಳಿ ಸೋಕಿತೆನ್ನುವುದು, ಹೆತ್ತವರ ಕರ್ಮವೆಂದು ಆಡಿಕೊಳ್ಳುವುದು ಇನ್ನೂ ಪೂರ್ತಿ ನಿಂತಿಲ್ಲ. ಆಧುನಿಕ ವಿಜ್ಞಾನ ಈ ರೋಗವನ್ನು ಹಲವು ದಾರಿಗಳಿಂದ ಅರಿಯಲೆತ್ನಿಸಿದೆ. ಶಸ್ತ್ರವೈದ್ಯರ ದಾರಿಯೂ ಪ್ರೋಟೀನುಗಳನ್ನು ಅಭ್ಯಸಿಸುವವರ ದಾರಿಯೂ ಬಂದು ಕೂಡುವ ಒಂದು ರೋಗವೆಂದರೆ ಟ್ಯೂಬರಸ್ ಸ್ಕ್ಲೆರೋಸಿಸ್.

ಪ್ಯಾರಿಸಿನ ವೈದ್ಯ ಬೂರ್ನೆವಿಲ್ 1880ರಲ್ಲಿ ಈ ರೋಗವನ್ನು ವಿವರಿಸಿದನು. ಸೆಳವಿನಿಂದ ನರಳಿ ತೀರಿಕೊಂಡ ಬಾಲಕಿಯೊಬ್ಬಳ ಮೆದುಳಿನ ಹೊರಪದರದಲ್ಲಿ ಗೆಡ್ಡೆಗಳಂತೆ ಗಟ್ಟಿಯಾದ ಭಾಗಗಳು ಅವನಿಗೆ ಕಂಡವು. ‘ಟ್ಯೂಬರ್’ ಎಂದರೆ ಗೆಡ್ಡೆ. ರೋಗದ ಹೆಸರು ಹುಟ್ಟಿದ್ದು ಹೀಗೆ. ಸುಮಾರು 6,000 ಜನನಗಳಿಗೆ ಒಂದರಂತೆ ಕಾಣಿಸುವ ಈ ರೋಗದಲ್ಲಿ ಹೆಚ್ಚಿನ ಮಕ್ಕಳಿಗೆ ಸೆಳವು ಬರುತ್ತದೆ. ಅನೇಕರಿಗೆ ಅದು ಹುಟ್ಟಿದ ಮೊದಲ ವರ್ಷದಲ್ಲೇ ತೊಡಗುತ್ತದೆ. ಮಾತು ಕಲಿಯಬೇಕಾದ, ನಡೆ ಕಲಿಯಬೇಕಾದ ಮೆದುಳಿಗೆ ಪದೇ ಪದೇ ಬರುವ ಸೆಳವು ಆ ಕಲಿಕೆಗೇ ಅಡ್ಡಿಯಾಗುತ್ತದೆ. ಆದುದರಿಂದ ಇಲ್ಲಿ ಕಾಲವಿಳಂಬಕ್ಕೆ ತೆರಬೇಕಾದ ಬೆಲೆ ದೊಡ್ಡದು.

ಅಪಸ್ಮಾರವುಳ್ಳವರಲ್ಲಿ ಸುಮಾರು ಮೂರನೆಯ ಒಂದು ಪಾಲು ಜನರಿಗೆ ಔಷಧಿಯಿಂದ ಸೆಳವು ಹತೋಟಿಗೆ ಬರುವುದಿಲ್ಲ. ಸರಿಯಾಗಿ ಆಯ್ದು ಕೊಟ್ಟ ಎರಡು ಔಷಧಿಗಳು ವಿಫಲವಾದರೆ ಅದನ್ನು ಔಷಧಿಗೆ ಮಣಿಯದ ಅಪಸ್ಮಾರವೆಂದು ಕರೆಯುತ್ತಾರೆ. ಆಗ ಸೆಳವು ಹುಟ್ಟುವ ನೆಲೆಯನ್ನು ಇಇಜಿ ಮತ್ತು ಎಂಆರ್‌ಐಗಳ ನೆರವಿನಿಂದ ಹುಡುಕಲಾಗುತ್ತದೆ. ಹಲವು ಗೆಡ್ಡೆಗಳಿದ್ದರೂ ಸೆಳವಿಗೆ ಕಾರಣವಾದುದು ಒಂದೇ ಎಂದು ತಿಳಿದರೆ ಅದನ್ನಷ್ಟೇ ತೆಗೆಯಬಹುದು. ಬೇರೆ ಬಗೆಯ ಕೆಲವು ತೀವ್ರ ಅಪಸ್ಮಾರಗಳಲ್ಲಿ ಮೆದುಳಿನ ಒಂದು ಅರ್ಧಗೋಳದ ಸಂಪರ್ಕವನ್ನೇ ಕಡಿದುಹಾಕುವುದುಂಟು. ಎಳೆಯ ಮೆದುಳಿನ ಗುಣವೊಂದು ಇದಕ್ಕೆ ಬೆಂಬಲವಾಗಿದೆ: ಎಡಗೋಳ ಕೆಲಸ ನಿಲ್ಲಿಸಿದರೆ ಚಿಕ್ಕ ಮಕ್ಕಳಲ್ಲಿ ಭಾಷೆಯ ಹೊಣೆಯನ್ನು ಬಲಗೋಳವು ಬಹುಮಟ್ಟಿಗೆ ವಹಿಸಿಕೊಳ್ಳಬಲ್ಲದು.

ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಔಷಧಿಗೆ ಮಣಿಯದ ಅಪಸ್ಮಾರವಿದ್ದ 116 ಮಕ್ಕಳಿದ್ದರು. ಒಂದು ವರ್ಷದ ಬಳಿಕ ಶಸ್ತ್ರಚಿಕಿತ್ಸೆ ಪಡೆದವರಲ್ಲಿ ಶೇಕಡಾ 77 ಮಂದಿ ಸೆಳವಿನಿಂದ ಮುಕ್ತರಾಗಿದ್ದರು. ಔಷಧಿಯೊಂದನ್ನೇ ಪಡೆದವರಲ್ಲಿ ಶೇಕಡಾ 7 ಮಾತ್ರ. ಆದರೆ ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಮೂರರಲ್ಲೊಂದು ಮಗುವಿಗೆ ಒಂದು ಮಗ್ಗುಲಿನ ಬಲಹೀನತೆಯಂಥ ಗಂಭೀರ ಪರಿಣಾಮವೂ ಆಯಿತು. ಲಾಭನಷ್ಟಗಳನ್ನು ತೂಗಿಯೇ ಈ ನಿರ್ಧಾರ ಕೈಗೊಳ್ಳಬೇಕು.

ಶಸ್ತ್ರವು ನೆಲೆಯನ್ನು ತೆಗೆಯುತ್ತದೆ, ಮೂಲವನ್ನು ಮುಟ್ಟುವುದಿಲ್ಲ. ಮೂಲವಿರುವುದು ವಂಶವಾಹಿಯಲ್ಲಿ. ಈ ರೋಗಕ್ಕೆ ಕಾರಣವಾಗುವ ಎರಡು ವಂಶವಾಹಿಗಳು 1993 ಮತ್ತು 1997ರಲ್ಲಿ ಪತ್ತೆಯಾದವು. ಅವು ತಯಾರಿಸುವ ಪ್ರೋಟೀನುಗಳ ಹೆಸರು ಟ್ಯೂಬರಿನ್ ಮತ್ತು ಹಮಾರ್ಟಿನ್. ಇವೆರಡೂ ಜತೆಗೂಡಿ ಎಂಟಾರ್ ಎಂಬ ಇನ್ನೊಂದು ಪ್ರೋಟೀನಿಗೆ ಕಡಿವಾಣ ಹಾಕುತ್ತವೆ. ಜೀವಕೋಶ ಯಾವಾಗ ಬೆಳೆಯಬೇಕು, ಯಾವಾಗ ಸುಮ್ಮನಿರಬೇಕು ಎಂಬುದನ್ನು ಆಳುವುದು ಈ ಎಂಟಾರ್. ಜೋಡಿಯಲ್ಲಿ ಒಂದು ಕೆಟ್ಟರೂ ಕಡಿವಾಣ ಸಡಿಲಿ ಕೋಶಗಳು ಅಳತೆಮೀರಿ ಬೆಳೆಯುತ್ತವೆ.

ಎಂಟಾರ್‌ಗೆ ಆ ಹೆಸರು ಬಂದದ್ದು ರಾಪಮೈಸಿನ್ ಎಂಬ ಔಷಧಿಯಿಂದ. 1964ರಲ್ಲಿ ಕೆನಡಾದ ತಂಡವೊಂದು ಪೆಸಿಫಿಕ್ ಸಾಗರದ ರಾಪಾ ನೂಯಿ ದ್ವೀಪದಿಂದ ಮಣ್ಣನ್ನು ತಂದಿತು. ಅದರಲ್ಲಿದ್ದ ಸೂಕ್ಷ್ಮಜೀವಿಯಿಂದ ಈ ವಸ್ತುವನ್ನು ಭಾರತೀಯ ಮೂಲದ ಸುರೇಂದ್ರನಾಥ ಸೆಹಗಲ್ ಮತ್ತು ಸಂಗಡಿಗರು ಮಾಂಟ್ರಿಯಲ್‌ನಲ್ಲಿ ಬೇರ್ಪಡಿಸಿದರು. ಅದರ ರೂಪಾಂತರವಾದ ಎವೆರೋಲಿಮಸ್ ಸಡಿಲಿದ ಎಂಟಾರನ್ನು ಹಿಡಿದು ನಿಲ್ಲಿಸಬಲ್ಲದು. 2016ರ ಅಧ್ಯಯನದಲ್ಲಿ, ಹೆಚ್ಚಿನ ಪ್ರಮಾಣ ಪಡೆದವರಲ್ಲಿ ಶೇಕಡಾ 40 ಮಂದಿಗೆ ಸೆಳವು ಅರ್ಧಕ್ಕಿಂತ ಕೆಳಗಿಳಿಯಿತು. ಹುಸಿಮಾತ್ರೆ ಪಡೆದವರಲ್ಲಿ ಶೇಕಡಾ 15 ಮಂದಿಗೆ. ಸೆಳವು ಪೂರ್ಣವಾಗಿ ನಿಲ್ಲುವುದು ವಿರಳ. ಔಷಧಿ ರೋಗನಿರೋಧಕ ಶಕ್ತಿಯನ್ನೂ ಕುಗ್ಗಿಸುತ್ತದೆ. ಅದರಿಂದಾಗಿ ಶಸ್ತ್ರಚಿಕಿತ್ಸೆಯ ಅಗತ್ಯ ತಪ್ಪಿಲ್ಲ. ಶಸ್ತ್ರವೈದ್ಯರು ತೆಗೆದ ಅಂಗಾಂಶವೇ ಸಂಶೋಧಕರಿಗೆ ಮತ್ತೆ ಪಾಠವಾಗುತ್ತದೆ. ಹೊರಪದರದ ಇನ್ನೊಂದು ಬಗೆಯ ವಿಕೃತಿಯಲ್ಲಿ, ರಕ್ತದಲ್ಲಿ ಕಾಣದ ಎಂಟಾರ್ ದೋಷವು ಮೆದುಳಿನ ಕೆಲವೇ ಕೋಶಗಳಲ್ಲಿ ಅಡಗಿರುವುದು 2015ರಲ್ಲಿ ತಿಳಿದದ್ದು ಅಂಥ ಅಂಗಾಂಶದಿಂದ.

ಹಮಾರ್ಟಿನ್ ಎಂಬ ಹೆಸರಿನ ಬೇರು ಸಾಹಿತ್ಯದ ವಿದ್ಯಾರ್ಥಿಗಳಿಗೆ ಪರಿಚಿತವಾದ ‘ಹಮಾರ್ಟಿಯ’. ದುರಂತನಾಯಕ ಬೀಳುವುದು ದುಷ್ಟತನದಿಂದಲ್ಲ, ಒಂದು ತಪ್ಪಿನಿಂದ ಎಂದು ಅರಿಸ್ಟಾಟಲ್ ಹೇಳಿದಾಗ ಬಳಸಿದ ಪದ ಅದು. ಈ ರೋಗದ ಸುಮಾರು ಮೂರನೆಯ ಎರಡು ಪಾಲು ಪ್ರಕರಣಗಳಲ್ಲಿ ತಂದೆತಾಯಿಯರಲ್ಲಿ ದೋಷವೇ ಇರುವುದಿಲ್ಲ. ಅದು ಮಗುವಿನಲ್ಲಿ ಹೊಸದಾಗಿ ಉಂಟಾದ ತಪ್ಪು. ಆದುದರಿಂದ ತಾಯಿಯನ್ನು ದೂರುವುದಕ್ಕೂ ಮಗುವನ್ನು ಮರೆಮಾಚುವುದಕ್ಕೂ ಆಧಾರವಿಲ್ಲ. ಬೆಂಗಳೂರಿನ ನಿಮ್ಹಾನ್ಸ್, ತಿರುವನಂತಪುರದ ಶ್ರೀಚಿತ್ರಾ ತಿರುನಾಳ್ ಸಂಸ್ಥೆಗಳಲ್ಲಿ ಅಪಸ್ಮಾರದ ಶಸ್ತ್ರಚಿಕಿತ್ಸೆ ನಡೆಯುತ್ತಿದೆ. ಎರಡು ಔಷಧಿಗಳಿಗೂ ಸೆಳವು ಮಣಿಯದಿದ್ದಾಗ ಮಗುವನ್ನು ಅಂಥ ಕೇಂದ್ರಕ್ಕೆ ಬೇಗನೆ ಕರೆದೊಯ್ಯುವುದೇ ವಿಹಿತ.