ಡ್ರೀಮ್‌ಲೈನರ್ ಪೆಟ್ಟಿಗೆಯ ಮೂಗು

ಸಿಯಾಟಲ್ ಪಕ್ಕದ ಬಾಥೆಲ್‌ನಿಂದ ಓದುಗರೊಬ್ಬರು ಬರೆದಿದ್ದಾರೆ. 2024ರ ನವೆಂಬರ್ ಬಿರುಗಾಳಿಗೆ ಮರಗಳು ತಂತಿಗಳ ಮೇಲೆ ಉರುಳಿ, ದಿನಗಟ್ಟಲೆ ಕರೆಂಟ್ ಇಲ್ಲದೆ ಕೂತ ಮೇಲೆ ಅವರ ಮನೆಯವರು ಎರಡು ಲಿಥಿಯಂ ಬ್ಯಾಟರಿ ತಂದಿದ್ದಾರೆ. ಗ್ಯಾರೇಜಿನಲ್ಲಿಡಲು ಒಂದು ಪೆಟ್ಟಿಗೆ ಬೇಕು. ಯಜಮಾನರಿಗೆ ಹಿಡಿಸಿರುವುದು ರಬ್ಬರ್ ಅಂಚಿನ, ಗಾಳಿಯಾಡದಂತೆ ಮುಚ್ಚಿಕೊಳ್ಳುವ ದಪ್ಪ ಉಕ್ಕಿನ ಟ್ರಂಕು. ‘ಬೆಂಕಿ ಹತ್ತಿದರೂ ಒಳಗೇ ಉಸಿರುಗಟ್ಟಿ ಸಾಯುತ್ತೆ’ ಅಂತಾರೆ, ಸರಿಯೇ ಎಂಬುದು ಪ್ರಶ್ನೆ.

ಸರಿಯಲ್ಲ. ಅಂಥ ಟ್ರಂಕನ್ನು ಬಾಂಬು ಎಂದೇ ಕರೆಯಬಹುದು. ನನಗೆ ಖುಷಿಯಾದದ್ದು ಬೇರೆ ಕಾರಣಕ್ಕೆ: ಇದೇ ಪ್ರಶ್ನೆ ಹಿಡಿದು 2013ರಲ್ಲಿ ಬೋಯಿಂಗ್ ಎಂಜಿನಿಯರುಗಳು ತಲೆ ಕೆಡಿಸಿಕೊಂಡಿದ್ದರು. ಅವರ ಡ್ರೀಮ್‌ಲೈನರ್ ವಿಮಾನ ಜೋಡಣೆಯಾಗುತ್ತಿದ್ದ ಎವರೆಟ್ ಕಾರ್ಖಾನೆ ಈ ಓದುಗರ ಮನೆಯಿಂದ ಅರ್ಧ ಗಂಟೆ ದಾರಿ. ಆ ಎಂಜಿನಿಯರುಗಳ ಮುಂದಿದ್ದದ್ದೂ ಒಂದು ಜೊತೆ ಲಿಥಿಯಂ ಬ್ಯಾಟರಿಯೇ.

787 ಡ್ರೀಮ್‌ಲೈನರ್ ವಿಮಾನದಲ್ಲಿ ಕ್ಯೋಟೋದ ಜಿಎಸ್ ಯುವಾಸಾ ಕಂಪನಿಯ ಎರಡು ಬ್ಯಾಟರಿಗಳಿವೆ. ಒಂದು ಮೂತಿಯ ಕಡೆ, ಇನ್ನೊಂದು ರೆಕ್ಕೆಯ ಹಿಂದೆ. ಹಿಂದಿನದು ಬಾಲದಲ್ಲಿರುವ ಪುಟ್ಟ ಎಂಜಿನ್ ಚಾಲೂ ಮಾಡುತ್ತದೆ. ತಲಾ ಎಂಟು ಸೆಲ್, ಸುಮಾರು 28 ಕಿಲೋ ತೂಕ. ಮೊದಲಿಗೆ ಅವು ನೀಲಿ ಬಣ್ಣದ ಸಾದಾ ಪೆಟ್ಟಿಗೆಯಲ್ಲಿದ್ದವು. ಬ್ಯಾಟರಿ ಹೊಗೆಯುಗುಳುವುದು 1 ಕೋಟಿ ಹಾರಾಟ ಗಂಟೆಗೆ ಒಮ್ಮೆಯೂ ಆಗದು ಎಂದು ಬೋಯಿಂಗ್ ಲೆಕ್ಕ ಹಾಕಿತ್ತು. ಎಲ್ಲ ಡ್ರೀಮ್‌ಲೈನರ್‌ಗಳೂ ಸೇರಿ 1 ಲಕ್ಷ ಗಂಟೆ ಹಾರುವ ಮೊದಲೇ ಎರಡು ಸಲ ಆಯಿತು. 2013ರ ಜನವರಿ 7ರಂದು ಬಾಸ್ಟನ್ನಿನಲ್ಲಿ ಪ್ರಯಾಣಿಕರು ಇಳಿದು ಹೋದ ಮೇಲೆ ಜಪಾನ್ ಏರ್‌ಲೈನ್ಸ್ ವಿಮಾನದ ಹಿಂದಿನ ಬ್ಯಾಟರಿ ಹೊತ್ತಿಕೊಂಡಿತು. ಜನವರಿ 16ರಂದು ಮತ್ತೊಂದು ಜಪಾನಿ ವಿಮಾನ ಮುಂದಿನ ಬ್ಯಾಟರಿಯ ಕಾಟದಿಂದ ತಕಮತ್ಸುವಿನಲ್ಲಿ ತುರ್ತಾಗಿ ಇಳಿಯಿತು. ಜಗತ್ತಿನಲ್ಲಿ ಆಗ ಓಡಾಡುತ್ತಿದ್ದ ಐವತ್ತೂ ಡ್ರೀಮ್‌ಲೈನರ್‌ಗಳು ನೆಲಕ್ಕಂಟಿದವು. ನಮ್ಮ ಏರ್ ಇಂಡಿಯಾದ ಆರೂ ಅವುಗಳಲ್ಲಿದ್ದವು.

ಒಂದು ಸೆಲ್ಲಿನೊಳಗೆ ಶಾರ್ಟ್ ಆಗಿ, ಅದರ ಕಾವಿಗೆ ಪಕ್ಕದ ಸೆಲ್‌ಗಳೂ ಕೆರಳಿದ್ದವು ಎಂದು ಬಾಸ್ಟನ್ ಘಟನೆಯ ತನಿಖೆ ಹೇಳಿತು. ಆ ಶಾರ್ಟ್ ಯಾಕಾಯಿತು? ಎಂಜಿನಿಯರುಗಳು ಎಂಬತ್ತರಷ್ಟು ಸಾಧ್ಯತೆಗಳ ಪಟ್ಟಿ ಮಾಡಿದರು, ಇದೇ ಎಂದು ಬೆರಳಿಟ್ಟು ತೋರಿಸಲು ಆಗಲಿಲ್ಲ. ಕಾರಣ ಸಿಗದಿದ್ದಾಗ ಉಳಿದದ್ದು ಪೆಟ್ಟಿಗೆ. ಒಳಗೆ ಏನೇ ಆಗಲಿ, ವಿಮಾನಕ್ಕೆ ಗೊತ್ತೇ ಆಗಬಾರದು, ಅಂಥ ಪೆಟ್ಟಿಗೆ.

ನಮ್ಮ ಯಜಮಾನರ ತರ್ಕ ಕೈಕೊಡುವುದು ಇಲ್ಲೇ. ಸೌದೆಯ ಬೆಂಕಿಗೆ ಗಾಳಿ ತಪ್ಪಿಸಿದರೆ ಆರುತ್ತದೆ, ನಿಜ. ಆದರೆ ಡ್ರೀಮ್‌ಲೈನರ್ ಸೆಲ್ಲಿನಲ್ಲಿರುವ ಕೋಬಾಲ್ಟ್ ಆಕ್ಸೈಡ್ ವಿಪರೀತ ಕಾದಾಗ ತಾನೇ ಆಮ್ಲಜನಕ ಬಿಡುತ್ತದೆ. ಸೆಲ್ಲಿನೊಳಗಿನ ಕಾವು ಹೊರಗಿನ ಗಾಳಿಗಾಗಿ ಕಾಯುತ್ತ ಕೂರುವುದಿಲ್ಲ. ಒಳಗಿನ ದ್ರಾವಣ ಆವಿಯಾಗಿ ಸೆಲ್ಲಿನ ಬಾಯಿ ಒಡೆದು ನುಗ್ಗುತ್ತದೆ, ಆ ಅನಿಲ ಹೊತ್ತಿಕೊಳ್ಳುವಂಥದ್ದು. ಗಾಳಿಯಾಡದ ಟ್ರಂಕಿನಲ್ಲಿ ಅದು ತುಂಬುತ್ತ ಹೋಗುತ್ತದೆ, ವೆಯ್ಟ್ ಕಟ್ಟಿಕೊಂಡ ಕುಕ್ಕರಿನ ಹಾಗೆ.

ಹಾಗಾಗಿ ಬೋಯಿಂಗ್ ಮಾಡಿಸಿದ ಹೊಸ ಪೆಟ್ಟಿಗೆಗೆ ಗೋಡೆ ಸ್ಟೇನ್‌ಲೆಸ್ ಸ್ಟೀಲಿನದು, ಸುಮಾರು 3 ಮಿಲಿಮೀಟರ್ ದಪ್ಪ, ಜೊತೆಗೆ ಒಂದು ಮೂಗು. ಆ ಮೂಗು ಟೈಟೇನಿಯಂ ಕೊಳವೆ, ಅದರ ತುದಿ ವಿಮಾನದ ಮೈಯಿಂದಾಚೆಗೆ ತೆರೆಯುತ್ತದೆ. ಆಕಾಶದಲ್ಲಿ ಹೊರಗಿನ ಒತ್ತಡ ತೀರಾ ಕಡಿಮೆ. ಪಂಪು ಫ್ಯಾನು ಏನೂ ಇಲ್ಲದೆ ಬಿಸಿ ಅನಿಲ ತಾನಾಗಿ ಆಚೆ ಹೋಗುತ್ತದೆ, ಜ್ವಾಲೆ ಏಳಲು ಪೆಟ್ಟಿಗೆಯಲ್ಲಿ ಗಾಳಿಯೂ ಉಳಿಯುವುದಿಲ್ಲ. ಎಂಥ ಸೊಗಸು! ಸೆಲ್‌ಗಳ ನಡುವಿನ ತಡೆಯನ್ನೂ ಗಟ್ಟಿಮಾಡಿದರು, ಚಾರ್ಜಿನ ಮೇಲ್ಮಿತಿ ಇಳಿಸಿದರು. ಇಷ್ಟಕ್ಕೆಲ್ಲ ವಿಮಾನದ ತೂಕ ಸುಮಾರು 68 ಕಿಲೋ ಏರಿತು. ಹಗುರ ಎಂದು ಲಿಥಿಯಂ ಆರಿಸಿಕೊಂಡವರಿಗೆ ಇದೊಂದು ಚೇಷ್ಟೆಯೇ ಸರಿ. ಏಪ್ರಿಲ್ 5ರಂದು ಎವರೆಟ್‌ನ ಪೇನ್ ಫೀಲ್ಡಿನಿಂದ ಪರೀಕ್ಷಾ ಹಾರಾಟ ನಡೆಯಿತು, ತಿಂಗಳ ಕೊನೆಗೆ ಪ್ರಯಾಣಿಕರು ಮತ್ತೆ ಹತ್ತಿದರು. 2014ರ ಜನವರಿಯಲ್ಲಿ ನರಿಟಾದಲ್ಲಿ ನಿಂತಿದ್ದ ಡ್ರೀಮ್‌ಲೈನರ್ ಒಂದರ ಒಂದು ಸೆಲ್ ಕೆರಳಿತು. ಮೆಕ್ಯಾನಿಕ್‌ಗಳಿಗೆ ಕಂಡದ್ದು ವಿಮಾನದ ಹೊರಗೆ ಬಿಳಿ ಹೊಗೆ. ಮೂಗು ಕೆಲಸ ಮಾಡಿತ್ತು.

ಎರಡು ಹಟಮಾರಿ ನಂಬಿಕೆಗಳಿಗೆ ಇಲ್ಲೇ ಬೈದುಬಿಡುತ್ತೇನೆ. ‘ಲಿಥಿಯಂ ಬೆಂಕಿಗೆ ನೀರು ಹಾಕಿದರೆ ಸ್ಫೋಟ’ ಎಂಬುದು ಶಾಲೆಯ ಲ್ಯಾಬಿನಲ್ಲಿ ಲೋಹದ ಚೂರು ನೀರಿನ ಮೇಲೆ ಉರಿದದ್ದನ್ನು ನೋಡಿದ ನೆನಪು. ಈ ಬ್ಯಾಟರಿಗಳಲ್ಲಿ ಲಿಥಿಯಂ ಇರುವುದು ಅಯಾನು ರೂಪದಲ್ಲಿ, ಕಾವು ಇಳಿಸಲು ಅಗ್ನಿಶಾಮಕದವರು ಸುರಿಯುವುದು ನೀರನ್ನೇ, ಅದೂ ಧಾರಾಳವಾಗಿ. ಆ ಕೆಲಸ ಅವರದು, ನೀವು ಮನೆಯಿಂದ ಹೊರಗೆ ಓಡಿ. ಎರಡನೆಯದು, ಬ್ಯಾಟರಿಯನ್ನು ಸಿಮೆಂಟು ನೆಲದ ಮೇಲಿಟ್ಟರೆ ಭೂಮಿ ಚಾರ್ಜ್ ಹೀರುತ್ತದೆ ಎಂದು ಮಣೆ ಕೊಡುವುದು. ಭೂಮಿಗೆ ಬೇರೆ ಕೆಲಸವಿಲ್ಲವೇ? ಬಾಥೆಲ್‌ನ ಚಳಿಗಾಲದಲ್ಲಿ ನೋಡಿಕೊಳ್ಳಬೇಕಾದದ್ದು ಬೇರೆ: ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡಿದರೆ ಒಳಗೆ ಲೋಹ ಪದರಗಟ್ಟಿ ಮುಂದೊಂದು ದಿನ ಶಾರ್ಟ್ ಆಗಬಹುದು.

ಇವರದು ಐರನ್ ಫಾಸ್ಫೇಟ್ ಬ್ಯಾಟರಿಯಂತೆ. ಅದು ಸಾಧು, ಸುಲಭಕ್ಕೆ ಆಮ್ಲಜನಕ ಬಿಡುವುದಿಲ್ಲ. ಆದರೆ ಕೆಟ್ಟಾಗ ಉಗುಳುವ ಅನಿಲದಲ್ಲಿ ಜಲಜನಕ ಬಹಳ, ಮುಚ್ಚಿದ ಟ್ರಂಕಿನಲ್ಲಿ ತುಂಬಿಕೊಂಡರೆ ಒಂದು ಕಿಡಿ ಸಾಕು. ಆದ್ದರಿಂದ ಲೋಹದ ಪೆಟ್ಟಿಗೆ ಇರಲಿ, ಮರದ್ದು ಬೇಡ. ಅನಿಲ ಹೊರಗೋಡೆಯಾಚೆಗೆ ಹೋಗುವ ದಾರಿ ಇರಲಿ. ಎರಡನ್ನೂ ಒಂದೇ ಗೂಡಿಗೆ ತುರುಕಬೇಡಿ, ಬೋಯಿಂಗ್‌ನವರೂ ಎರಡಕ್ಕೆ ಎರಡು ಪೆಟ್ಟಿಗೆಯನ್ನೇ ಮಾಡಿಸಿದರು. ಆಯುಧಪೂಜೆಗೆ ಅತ್ತೆಯವರು ಪೆಟ್ಟಿಗೆಗೆ ನಿಂಬೆಹಣ್ಣು ಕಟ್ಟುತ್ತಾರಂತೆ. ಕಟ್ಟಲಿ, ಕೊಳವೆಯ ಬಾಯಿಗೆ ಮಾತ್ರ ಬೇಡ.