ಕೋಳಿಯ ಒಡಲಲ್ಲಿ ಬೆರಕೆಯಾಗುವ ಜ್ವರ

ಹನೂರು ತಾಲ್ಲೂಕಿನ ಅಜ್ಜೀಪುರದಂಥ ಊರುಗಳಲ್ಲಿ ನಾಟಿಕೋಳಿಗೆ ಬೇಲಿಯೆಂಬುದಿಲ್ಲ. ಹಗಲೆಲ್ಲ ತಿಪ್ಪೆಯನ್ನೂ ಹಿತ್ತಿಲನ್ನೂ ಕೆದಕಿ, ಮುಸ್ಸಂಜೆಯ ಹೊತ್ತಿಗೆ ಮಂಕರಿಯಡಿ ಸೇರುವ ಜೀವ ಅದು. ಅದಕ್ಕೆ ತಗಲುವ ಬೇನೆಗಳಲ್ಲಿ ಕೊಕ್ಕರೆ ರೋಗವನ್ನು ಹಳ್ಳಿಗರೆಲ್ಲರೂ ಬಲ್ಲರು. ಕೋಳಿಗಳು ಕೊರಳು ತಿರುಚಿ ಒಂದರ ಹಿಂದೊಂದು ಸತ್ತರೆ, ಅದೇ ಬಂದಿತೆಂದು ನಿಟ್ಟುಸಿರಿಟ್ಟು ಸುಮ್ಮನಾಗುವುದು ವಾಡಿಕೆ. ಆದರೆ ಹೀಗೆಯೇ ಕೊಲ್ಲುವ ಇನ್ನೊಂದು ರೋಗವುಂಟು. ಅದು ಹಕ್ಕಿಜ್ವರ. ಇವೆರಡನ್ನೂ ಬರಿಗಣ್ಣಿನಿಂದ ಬೇರ್ಪಡಿಸುವುದು ಪಶುವೈದ್ಯರಿಗೂ ಕಷ್ಟ.

ಹಕ್ಕಿಜ್ವರ ಕರ್ನಾಟಕಕ್ಕೆ ಅಪರಿಚಿತವಲ್ಲ. 2012ರ ಅಕ್ಟೋಬರಿನಲ್ಲಿ ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿ, ಕೇಂದ್ರ ಸರ್ಕಾರದ ಕೋಳಿ ಸಾಕಣೆ ಕೇಂದ್ರದ ಟರ್ಕಿಕೋಳಿಗಳು ಸಾಲುಸಾಲಾಗಿ ಸತ್ತವು. ಭೋಪಾಲದ ಪಶುರೋಗ ಪ್ರಯೋಗಾಲಯವು ಅದು ‘ಎಚ್5ಎನ್1’ ಎಂಬ ವೈರಸ್ಸಿನ ಕೃತ್ಯವೆಂದು ಖಚಿತಪಡಿಸಿತು. ಉಳಿದ ಹಕ್ಕಿಗಳನ್ನೂ ಕೊಲ್ಲಬೇಕಾಯಿತು. 2020ರ ಮಾರ್ಚಿನಲ್ಲಿ ಅದೇ ಜ್ವರ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಕಾಣಿಸಿಕೊಂಡಿತು. 2025ರಲ್ಲಿ ಚಿಕ್ಕಬಳ್ಳಾಪುರದ ವರದಹಳ್ಳಿಯಲ್ಲಿ. ಅಜ್ಜೀಪುರದವರಿಗೆ ಮೈಸೂರೇನೂ ದೂರದ ಊರಲ್ಲ.

ಕೊಲ್ಲುವ ರೋಗಕ್ಕೆ ಎಲ್ಲರೂ ಹೆದರುತ್ತಾರೆ. ವಿಜ್ಞಾನಿಗಳಾದರೋ ಕೊಲ್ಲದ ರೋಗಕ್ಕೂ ಅಷ್ಟೇ ಹೆದರುತ್ತಾರೆ! ಕಾರಣವನ್ನು ತಿಳಿಯಬೇಕಾದರೆ ವೈರಸ್ಸಿನ ಒಡಲನ್ನು ಇಣಿಕಿ ನೋಡಬೇಕು.

ಈ ವೈರಸ್ಸಿನ ವಂಶವಾಹಿ ಒಂದೇ ಎಳೆಯಾಗಿಲ್ಲ, ಎಂಟು ಬಿಡಿ ತುಂಡುಗಳಾಗಿದೆ. ಜೀವಕೋಶದೊಳಕ್ಕೆ ನುಗ್ಗಲು ಬೇಕಾದ ‘ಎಚ್’ ಮುಳ್ಳನ್ನು ಒಂದು ತುಂಡು ಮಾಡಿಸಿದರೆ, ಹೊರಬೀಳಲು ಬೇಕಾದ ‘ಎನ್’ ಮುಳ್ಳನ್ನು ಇನ್ನೊಂದು ಮಾಡಿಸುತ್ತದೆ. ಉಳಿದ ಆರಕ್ಕೆ ಒಳಗಿನ ಕೆಲಸ. ಒಂದು ಕೋಳಿಯ ಒಂದೇ ಜೀವಕೋಶಕ್ಕೆ ಎರಡು ಬಗೆಯ ವೈರಸ್ಸುಗಳು ಏಕಕಾಲಕ್ಕೆ ಹೊಕ್ಕವೆನ್ನಿ. ಎರಡು ಕಟ್ಟು ಇಸ್ಪೀಟೆಲೆಗಳನ್ನು ಕಲೆಸಿ ಹಂಚಿದಂತೆ ಹದಿನಾರು ಬಗೆಯ ತುಂಡುಗಳು ಬೆರೆಯುತ್ತವೆ. ಹೊರಬರುವ ಮರಿವೈರಸ್ಸು ತಾಯಿಯಂತೆಯೂ ಇರಬಹುದು, ತಂದೆಯಂತೆಯೂ ಇರಬಹುದು. ಇನ್ನು 254 ಹೊಸ ರೂಪಗಳಿಗೂ ಅವಕಾಶವುಂಟು. ಬಹಳಷ್ಟು ಕೈಲಾಗದ ಕೂಸುಗಳೇ. ಆದರೆ ಎಲ್ಲವೂ ಅಲ್ಲ. 1957ರಲ್ಲಿ ಭಾರತವೂ ಸೇರಿದಂತೆ ಜಗತ್ತನ್ನೆಲ್ಲ ಮಲಗಿಸಿದ ಫ್ಲೂ ಜ್ವರದ ವೈರಸ್ಸಿನಲ್ಲಿ ಐದು ತುಂಡು ಮನುಷ್ಯರ ಫ್ಲೂವಿನವು, ಮೂರು ಹಕ್ಕಿಗಳವು.

ಕೊಲ್ಲದ ರೋಗದ ಹೆಸರು ‘ಎಚ್9ಎನ್2’. ಇದು ತಗಲಿದ ಕೋಳಿ ಒಂದಿಷ್ಟು ಸೀನೀತು, ಮೊಟ್ಟೆ ಕಡಮೆ ಇಟ್ಟೀತು, ಅಷ್ಟೆ. ಹೆಣ ಬೀಳದ ಮನೆಗೆ ವೈದ್ಯರು ಬರುವುದಿಲ್ಲ. ಹೀಗಾಗಿ ಅದು ಭಾರತವೂ ಸೇರಿ ಏಷ್ಯದ ಉದ್ದಗಲಕ್ಕೂ ಕೋಳಿಗಳಲ್ಲಿ ಸದ್ದಿಲ್ಲದೆ ನೆಲೆಯೂರಿ, ಬಂದ ವೈರಸ್ಸುಗಳಿಗೆಲ್ಲ ತನ್ನ ತುಂಡುಗಳನ್ನು ಕಡ ಕೊಡುತ್ತದೆ. 1997ರಲ್ಲಿ ಹಾಂಗ್‌ಕಾಂಗಿನಲ್ಲಿ 18 ಮಂದಿಗೆ ತಗಲಿ ಆರು ಮಂದಿಯನ್ನು ಬಲಿ ತೆಗೆದುಕೊಂಡ ಎಚ್5ಎನ್1 ಇಂಥದೊಂದು ಬೆರಕೆ. ಅದರ ‘ಎಚ್’ ತುಂಡು ಬಾತಿನ ಜಾತಿಯ ಹೆಬ್ಬಾತಿನದು. ಒಳಗಿನ ತುಂಡುಗಳಾದರೋ ಪೇಟೆಯ ಲಾವಕ್ಕಿಗಳಲ್ಲಿದ್ದ ಎಚ್9ಎನ್2ರ ತುಂಡುಗಳನ್ನೇ ಹೋಲುತ್ತಿದ್ದವು. 2013ರಲ್ಲಿ ಚೀನದಲ್ಲಿ ತಲೆಯೆತ್ತಿದ ‘ಎಚ್7ಎನ್9’ ಒಳಗಿನ ಆರೂ ತುಂಡುಗಳನ್ನು ಇದರಿಂದಲೇ ಪಡೆದಿತ್ತು. ಕೆಲವೇ ವರ್ಷಗಳಲ್ಲಿ ಅದು 1,500ಕ್ಕೂ ಹೆಚ್ಚು ಜನರಿಗೆ ತಗಲಿ, 600ಕ್ಕೂ ಹೆಚ್ಚು ಮಂದಿಯನ್ನು ಕೊಂದಿತು. ಸೋಜಿಗವೆಂದರೆ, ಮೊದಮೊದಲು ಅದನ್ನು ಹೊತ್ತ ಕೋಳಿಗಳು ಆರೋಗ್ಯವಾಗಿಯೇ ಓಡಾಡಿಕೊಂಡಿದ್ದವು.

ಹಾಂಗ್‌ಕಾಂಗ್ ಸರ್ಕಾರ 1997ರ ಕೊನೆಯಲ್ಲಿ ಲಕ್ಷಗಟ್ಟಲೆ ಕೋಳಿಗಳನ್ನು ಕೊಲ್ಲಿಸಿತು. ಆದರೆ ಜಾಣತನದ ಕೆಲಸ ಆಮೇಲಿನದು. ಬಾತುಗಳನ್ನೂ ಲಾವಕ್ಕಿಗಳನ್ನೂ ಕೋಳಿಯ ಮಗ್ಗುಲಲ್ಲಿ ಮಾರುವುದನ್ನು ನಿಲ್ಲಿಸಿತು. ತಿಂಗಳಿಗೊಮ್ಮೆ ಅಂಗಡಿಗಳನ್ನು ಬರಿದುಮಾಡಿ ತೊಳೆಸಿತು. 2008ರಿಂದ ಮಾರಾಟವಾಗದ ಕೋಳಿಯನ್ನು ಅಂಗಡಿಯಲ್ಲಿ ರಾತ್ರಿ ಉಳಿಸಿಕೊಳ್ಳುವುದನ್ನೂ ನಿಷೇಧಿಸಿತು. ಎರಡು ವೈರಸ್ಸುಗಳು ಒಂದೇ ಒಡಲಲ್ಲಿ ಸಂಧಿಸದಿದ್ದರೆ ಬೆರಕೆಯಾಗುವುದೆಲ್ಲಿಂದ?

ನಮ್ಮ ಹಳ್ಳಿಗಳ ಸಂತೆಕೋಳಿಗೂ ಇದೇ ಲೆಕ್ಕ. ಮಾರಿಹಬ್ಬಕ್ಕೆಂದು ತಂದ ಹುಂಜವನ್ನು ಅಂದೇ ಮನೆಯ ಕೋಳಿಗಳೊಡನೆ ಕವುಚಿಹಾಕದೆ, ಎರಡು ವಾರ ಬೇರೆ ಮಂಕರಿಯಲ್ಲಿಡಲು ಖರ್ಚೇನೂ ಇಲ್ಲ. ಭೋಪಾಲದ ಸಂಸ್ಥೆ ಎಚ್9ಎನ್2ಕ್ಕೆ ಲಸಿಕೆಯೊಂದನ್ನು ಸಿದ್ಧಪಡಿಸಿ 2022ರಲ್ಲಿ ತಯಾರಕರಿಗೆ ಒಪ್ಪಿಸಿತು. ಸಾವಿರಗಟ್ಟಲೆ ಕೋಳಿ ಸಾಕುವ ಫಾರಮುಗಳಿಗೆ ಅದು ಸುಲಭದ ಮಾತು. ತಿಪ್ಪೆ ಕೆದಕುವ ಹತ್ತು ಕೋಳಿಗಳನ್ನು ಮುಸ್ಸಂಜೆಯಲ್ಲಿ ಅಟ್ಟಿ ಹಿಡಿದು ಸೂಜಿ ಚುಚ್ಚುವವರನ್ನು ಇನ್ನು ಹುಡುಕಬೇಕಾಗಿದೆ.